ಆರ್ಲಿನ್ ವೋಲ್ಡನ ನಾಲ್ಕು ಬೆರಳು

ನಮ್ಮೂರಿನ ನೂರು ವರ್ಷದ ಪುಸ್ತಕ ಮಾಡುತ್ತಿರುವವರು, ಆರ್ಲಿನ್ ವೋಲ್ಡನ ಬಗ್ಗೆ ಅರ್ಧ ಪುಟ ಬರೆದುಕೊಡಿ ಎಂದು ನನ್ನನ್ನು ಕೇಳಿದರು. ಅವನಿಗೆ ಹೆಂಡತಿ ಮಕ್ಕಳು ಇರಲಿಲ್ಲ. ಬರೆಯುವವರು ಬೇರೆ ಯಾರೂ ಉಳಿದಿಲ್ಲ. ನಾನು ಓದಿದ್ದು ಎಂಟನೇ ತರಗತಿ, ಅದೂ ಕುರಿಗಳು ಮರಿ ಹಾಕುವ ತಿಂಗಳಲ್ಲೆಲ್ಲ ಶಾಲೆ ಬಿಟ್ಟು ಬಿಟ್ಟು ಓದಿದ್ದು. ಅರ್ಧ ಪುಟದಲ್ಲಿ ಹೇಗೆ ನಿಲ್ಲಿಸಬೇಕೋ ನನಗೆ ಗೊತ್ತಿಲ್ಲ. ಜಾಸ್ತಿಯಾದರೆ ಅವರೇ ಕತ್ತರಿಸಿಕೊಳ್ಳಲಿ.

ಆರ್ಲಿನ್ ಹುಟ್ಟಿದ್ದು ಟ್ಯಾಲೋ ಹಳ್ಳದ ಮೇಲ್ಗಡೆ, ನಾರ್ವೆಯಿಂದ ಬಂದವರ ಮನೆಯಲ್ಲಿ. ಒಂಬತ್ತು ವರ್ಷದವನಿದ್ದಾಗ ಹುಲ್ಲು ಬಾಚುವ ಯಂತ್ರದ ಚಕ್ರ ಅವನ ಎಡಗಾಲಿನ ಮೇಲೆ ಹರಿಯಿತು. ಕಾಲು ಉಳಿಯಿತು, ಆದರೆ ಬೆಳೆಯುವುದನ್ನು ಮರೆಯಿತು. ಇನ್ನೊಂದಕ್ಕಿಂತ ಒಂದೂವರೆ ಇಂಚು ಗಿಡ್ಡ. ದೊಡ್ಡವನಾದ ಮೇಲೆ ಅವನೇ ಹಳೇ ಟೈರಿನ ತುಂಡು ಕತ್ತರಿಸಿ ಎಡಗಾಲಿನ ಬೂಟಿನ ಅಡಿಗೆ ಮೊಳೆ ಹೊಡೆದುಕೊಂಡ. ನಮ್ಮ ಹಿಮದಲ್ಲಿ ಅವನ ಹೆಜ್ಜೆ ಯಾರಿಗೂ ತಪ್ಪುತ್ತಿರಲಿಲ್ಲ. ಒಂದು ಬೂಟಿನ ಗುರುತು, ಪಕ್ಕದಲ್ಲಿ ಒಂದು ಟೈರಿನ ಗುರುತು.

ಹಳೇ ಗೋಧಿ ಗೋದಾಮಿನ ಹಿಂದಿನ ತಗಡಿನ ಶೆಡ್ಡಿನಲ್ಲಿ ನಲವತ್ತೆರಡು ವರ್ಷ ಅವನು ಗಾಡಿ ರಿಪೇರಿ ಮಾಡಿದ. ಎಲ್ಲ ಕೆಲಸವೂ ಬರುತ್ತಿತ್ತು. ಆದರೆ ನೂರು ಮೈಲಿ ಆಚೆಯಿಂದಲೂ ಜನ ಅವನಲ್ಲಿಗೆ ಬರುತ್ತಿದ್ದದ್ದು ಒಂದೇ ಕೆಲಸಕ್ಕೆ: ಪಿಕಪ್ಪಿನ ಮೂತಿ ಎತ್ತಿಸಿ ಸಮ ಮಾಡಿಸಿಕೊಂಡು ದೊಡ್ಡ ಟೈರು ಹಾಕಿಸಿಕೊಳ್ಳುವುದಕ್ಕೆ. ಕಾರ್ಖಾನೆಯಿಂದ ಬರುವ ಪಿಕಪ್ಪಿನ ಮೂತಿ ಯಾವಾಗಲೂ ಎರಡಿಂಚು ತಗ್ಗು, ಬಾಲ ಎತ್ತರ. ಹಿಂದೆ ಭಾರ ಹೇರಿದಾಗ ಬಾಲ ಕುಸಿದು ಸಮ ಆಗಲಿ ಅಂತ ಹಾಗೆ ಮಾಡಿರುತ್ತಾರೆ. ನಮ್ಮ ಗಂಡಸರಿಗೆ ಅದು ನೆಲ ಮೂಸುವ ಹಂದಿಯ ಹಾಗೆ ಕಾಣುತ್ತದಂತೆ. ಆರ್ಲಿನ್ ಮುಂದಿನ ಸ್ಪ್ರಿಂಗಿನ ತಲೆಯ ಮೇಲೆ ಕಬ್ಬಿಣದ ಬಿಲ್ಲೆ ಕೂರಿಸಿ ಮೂತಿ ಎತ್ತುತ್ತಿದ್ದ. ಆಮೇಲೆ ಚಕ್ರಗಳ ಓರೆ ತಿದ್ದುತ್ತಿದ್ದ. ಎದುರು ಗೋಡೆಗೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಎತ್ತಿದ ಗಾಡಿಯ ದೀಪ ಎದುರಿಗೆ ಬರುವವರ ಕಣ್ಣು ಕುಕ್ಕದ ಹಾಗೆ ತಗ್ಗಿಸುತ್ತಿದ್ದ. ಈ ಕೊನೆಯ ಕೆಲಸವನ್ನು ಬೇರೆ ಯಾರೂ ಮಾಡುತ್ತಿರಲಿಲ್ಲ.

ಕೆಲಸ ಹಿಡಿಯುವ ಮುಂಚೆ ಎಲ್ಲರಿಗೂ ಎರಡು ಪ್ರಶ್ನೆ ಕೇಳುತ್ತಿದ್ದ. "ಬೆನ್ನ ಮೇಲೆ ಏನು ಹೊರತ್ತೆ? ವಸಂತದಲ್ಲಿ ಯಾವ ದಾರಿ ಹಿಡಿಯತ್ತೆ?"

ಮೊಂಟಾನಾದ ಈ ಪೂರ್ವದ ಮೂಲೆಯಲ್ಲಿ ಇರುವವರಿಗೆ ಎರಡನೇ ಪ್ರಶ್ನೆ ಬಿಡಿಸಿ ಹೇಳಬೇಕಾಗಿಲ್ಲ. ಹಿಮ ಕರಗಿದರೆ ನಮ್ಮ ಗಂಬೋ ಮಣ್ಣು ಹಸಿ ಹಿಟ್ಟಿನ ಹಾಗೆ ಅಂಟುತ್ತದೆ. ಒಂದು ಸುತ್ತು ತಿರುಗಿದ ಚಕ್ರ ಎರಡು ಪದರ ಮಣ್ಣು ಹೊತ್ತುಕೊಂಡು ಬರುತ್ತದೆ. ಮಡ್ಗಾರ್ಡಿನ ಒಳಗೆ ತುಂಬಿ ಗಟ್ಟಿಯಾಗಿ, ಕೊನೆಗೆ ಚಕ್ರವೇ ತಿರುಗದ ಹಾಗೆ ಹಿಡಿದುಬಿಡುತ್ತದೆ. ಅದಕ್ಕೇ ಆರ್ಲಿನ್ ಟೈರು ಹಾಕಿದ ಮೇಲೆ ಅಳತೆ ಪಟ್ಟಿ ಮುಟ್ಟುತ್ತಿರಲಿಲ್ಲ. ಟೈರಿಗೂ ಮಡ್ಗಾರ್ಡಿಗೂ ನಡುವೆ ತನ್ನ ನಾಲ್ಕು ಬೆರಳನ್ನು ಅಡ್ಡಡ್ಡ ತೂರಿಸಿ ನೋಡುತ್ತಿದ್ದ. ತೂರದಿದ್ದರೆ ಬಿಚ್ಚುತ್ತಿದ್ದ.

"ಟೈರು ಹಿಡಿಸಿದರೆ ಸಾಲದು ಕಣೋ, ಮಣ್ಣೂ ಹಿಡಿಸಬೇಕು."

ಅಂಗಡಿ ಮುಂದೆ ಕೂತವರು ಅವನನ್ನು ಕೆಣಕುತ್ತಿದ್ದರು. "ಆರ್ಲಿನ್, ನಿನ್ನ ಎಡಗಡೆ ಮುಂದಿನದನ್ನ ಎಷ್ಟು ಇಂಚು ಎತ್ತಿಸಿದೀಯೋ?"

"ಒಂದೂವರೆ. ನಿನ್ನ ತಲೆಗೂ ಒಂದು ಬಿಲ್ಲೆ ಇದೆ, ಬೇಕಾ?"

ನನ್ನ ಗಂಡ ಡೆಲ್ಬರ್ಟ್ ಅವನ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವನು. ಎಲ್ಲರಿಗೂ ಅವನು ಡೆಲ್. ಅವರಿಬ್ಬರೂ ಬಾಯಿ ತೆರೆದರೆ ಬೈಗುಳವೇ. ಡೆಲ್‌ನ ಪಿಕಪ್ಪು ಹದಿನಾಲ್ಕು ವರ್ಷ ಮೂತಿ ತಗ್ಗಿಸಿಕೊಂಡೇ ಓಡಿತು. ಕುರಿಗಳಿಗೆ ಹುಲ್ಲು ಹೊತ್ತಿತು, ಸತ್ತ ಕುರಿಗಳನ್ನೂ ಹೊತ್ತಿತು. ಎತ್ತು ಎಂದು ಡೆಲ್ ಕೇಳಲಿಲ್ಲ, ಎತ್ತಲಾ ಎಂದು ಆರ್ಲಿನ್ ಕೂಡ ಕೇಳಲಿಲ್ಲ.

ಡೆಲ್‌ಗೆ ಶ್ವಾಸಕೋಶದ ಕಾಯಿಲೆ ಅಂತ ಗೊತ್ತಾದ ವರ್ಷ, ಬೇಸಿಗೆ ಮುಗಿದ ಮೇಲೆ ಡಾಕ್ಟರು ನನ್ನನ್ನು ಹೊರಗೆ ಕರೆದು ವಸಂತದ ಈಸ್ಟರ್ ಹಬ್ಬದ ತನಕದ ಮಾತಾಡಬೇಡಿ ಅಂದರು. ನಾನು ಅದನ್ನು ಯಾರಿಗೂ ಹೇಳಲಿಲ್ಲ. ಡೆಲ್ ಮಾತ್ರ ನನ್ನ ಮುಖ ನೋಡಿಯೇ ಓದಿಕೊಂಡ. ಮಾರನೇ ವಾರ "ಬರ್ನಿ, ಗಾಡಿ ತೆಗಿ, ಆರ್ಲಿನ್ ಹತ್ತಿರ ಹೋಗಬೇಕು" ಅಂದ.

ಶೆಡ್ಡಿನಲ್ಲಿ ಗ್ರಾಹಕರು ಕೂರುವುದಕ್ಕೆ ಹಳೇ ಶಾಲೆ ಬಸ್ಸಿನ ಸೀಟೊಂದಿತ್ತು. ಅದರಲ್ಲಿ ಡೆಲ್‌ನನ್ನು ಕೂರಿಸಿದೆ. ಅವನು ಗೋಡೆಗೆ ಒರಗಿಸಿದ್ದ ಅತಿ ದೊಡ್ಡ ಟೈರಿನ ಕಡೆ ಕೈ ತೋರಿಸಿದ.

"ಅದನ್ನ ಹಾಕು. ಮೂತಿ ಎತ್ತು. ಒಂದು ಸಲವಾದರೂ ಕತ್ತೆತ್ತಿ ನಿಂತ ಗಾಡೀಲಿ ಕೂರಬೇಕು ನಾನು."

"ಅದು ನಿನ್ನ ಗಾಡಿಗಲ್ಲ. ಎರಡು ನಂಬರ್ ಚಿಕ್ಕದು ಹಾಕ್ತೀನಿ."

"ನನ್ನ ಗಾಡಿ, ನನ್ನ ಆಸೆ. ನಿನ್ನನ್ನ ಕೇಳಿದ್ನೇನೋ ಕುಂಟಾ?"

ಆರ್ಲಿನ್ ಕೈ ಒರೆಸಿಕೊಂಡು ತನ್ನ ಪ್ರಶ್ನೆ ಶುರು ಮಾಡಿದ. "ಬೆನ್ನ ಮೇಲೆ ಏನು ಹೊರತ್ತೆ?"

"ಗಾಳಿ. ಕುರಿ ಎಲ್ಲ ಮಾರಿ ಆಯ್ತು."

ಎರಡನೇ ಪ್ರಶ್ನೆಗೆ ಆರ್ಲಿನ್ ಬಾಯಿ ತೆರೆದ. "ವಸಂತದಲ್ಲಿ..." ಅಂದವನು ಅಲ್ಲಿಗೇ ನಿಲ್ಲಿಸಿದ. ಡೆಲ್ ಅವನನ್ನೇ ನೋಡುತ್ತಿದ್ದ.

"ವಸಂತದ ಮಾತು ನನ್ನ ಹತ್ತಿರ ಯಾಕೋ?" ಅಂದ ಡೆಲ್, ಮೆಲ್ಲಗೆ.

ಆರ್ಲಿನ್ ಬಗ್ಗಿ ಜಾಕ್ ಎಳೆದುಕೊಂಡ. ಎರಡು ದಿನ ಆ ಗಾಡಿಗೆ ಕೆಲಸ ಮಾಡಿದ. ಬಿಲ್ಲೆ ಕೂರಿಸಿದ, ಸ್ಟೇರಿಂಗ್ ಎರಡೂ ಕಡೆ ತುದಿಯವರೆಗೆ ತಿರುಗಿಸಿ ಟೈರು ಎಲ್ಲೂ ತಾಗದ ಹಾಗೆ ಮಡ್ಗಾರ್ಡಿನ ಒಳಗಿನ ಅಂಚನ್ನು ಉಜ್ಜಿ ಸವೆಸಿದ, ದೀಪ ತಗ್ಗಿಸಿದ. ಮುಗಿದ ಮೇಲೆ ಬೆರಳು ತೂರಿಸಿ ನೋಡಲಿಲ್ಲ. ಅದನ್ನು ನಾನು ಗಮನಿಸಿದೆ. ಆದರೆ ಆ ಹೊತ್ತಿಗೆ ಡೆಲ್ ಮೆಟ್ಟಿಲಿಗೆ ಕಾಲಿಟ್ಟು, ಉಸಿರು ಎಳೆದುಕೊಂಡು, ಮೇಲೆ ಹತ್ತಿ ಕೂತು ನಗುತ್ತಿದ್ದ. ಅಷ್ಟು ತಿಂಗಳಲ್ಲಿ ಮೊದಲ ನಗು. ಬೆರಳಿನ ಯೋಚನೆ ನನಗೂ ಹಾರಿಹೋಯಿತು.

ಆ ಶರತ್ಕಾಲವೆಲ್ಲ ಒಣ ದಾರಿಯಲ್ಲಿ ನಾವು ಓಡಾಡಿದೆವು. ಒಂದು ದಿನ ಗುಡ್ಡದ ಸ್ಮಶಾನದ ತನಕ ಹೋಗೋಣ ಅಂದ. ಅರ್ಧ ದಾರಿಯಲ್ಲಿ ಕೆಮ್ಮು ಹತ್ತಿ ಹಿಂತಿರುಗಿಸಿದೆ. ಬರುತ್ತಾ ಅವನು ಹೇಳಿದ್ದು ಇಷ್ಟು: "ಹೆಣ ಒಯ್ಯೋ ಆ ಕಪ್ಪು ಗಾಡಿಗೆ ನನ್ನನ್ನ ಹಾಕಬೇಡ ಬರ್ನಿ. ಇದರಲ್ಲೇ ಒಯ್ಯಿ." ನಮ್ಮ ಕಡೆ ಅದು ಹೊಸದೇನಲ್ಲ. ನಮ್ಮಪ್ಪನನ್ನೂ ಅವನದೇ ಪಿಕಪ್ಪಿನಲ್ಲಿ ಒಯ್ದಿದ್ದರು. ಒಯ್ಯುತ್ತೇನೆ ಅಂದೆ. ಕೈ ಹಿಡಿದು ಅಂದೆ.

ಡೆಲ್ ಜನವರಿ ಹದಿನೇಳಕ್ಕೆ ಹೋದ. ಆಗ ನೆಲ ನಾಲ್ಕು ಅಡಿ ಆಳಕ್ಕೆ ಹೆಪ್ಪುಗಟ್ಟಿ ಕಬ್ಬಿಣ. ನಮ್ಮ ಗುಡ್ಡಕ್ಕೆ ಯಂತ್ರ ಹತ್ತುವುದಿಲ್ಲ, ಗುಂಡಿ ಕೈಯಲ್ಲೇ ತೋಡಬೇಕು. ಹಾಗಾಗಿ ಚಳಿಗಾಲದಲ್ಲಿ ಹೋದವರು ದೊಡ್ಡ ಊರಿನ ಇಟ್ಟಿಗೆ ಕೋಣೆಯಲ್ಲಿ ಪೆಟ್ಟಿಗೆಯೊಳಗೆ ನೆಲ ಸಡಿಲವಾಗುವವರೆಗೆ ಕಾಯುತ್ತಾರೆ. ಹಿಂದಿನಿಂದಲೂ ಹಾಗೇ. ಪಾದ್ರಿಗಳು ಪ್ರಾರ್ಥನೆ ಮಾಡಿದರು, ಊಟವಾಯಿತು, ಏಪ್ರಿಲ್ ಎರಡನೇ ಶನಿವಾರ ಎಂದು ದಿನ ಗೊತ್ತು ಮಾಡಿದರು. ಏಪ್ರಿಲ್ ಅಂದರೆ ಮಣ್ಣಿನ ತಿಂಗಳು ಅನ್ನುವುದು ನಮ್ಮೆಲ್ಲರ ಎಲುಬಿಗೇ ಗೊತ್ತು. ಆದರೂ ಆ ಗಾಡಿ, ಆ ಟೈರು, ಆ ದಾರಿ ಮೂರನ್ನೂ ಒಟ್ಟಿಗೆ ಇಟ್ಟು ನಾನು ಯೋಚಿಸಲಿಲ್ಲ. ಯೋಚಿಸಿದವನು ಒಬ್ಬನೇ.

ಆ ಶನಿವಾರಕ್ಕೆ ಮುಂಚಿನ ವಾರ ಆರ್ಲಿನ್ ನಮ್ಮ ಬಾಗಿಲಿಗೆ ಬಂದ. ಟೋಪಿ ಕೈಯಲ್ಲಿ.

"ಬರ್ನಿ, ಗಾಡಿ ಎರಡು ಗಂಟೆ ಹೊತ್ತು ಕೊಡು. ಹಳೇ ಚಕ್ರ ಹಾಕಿ ತರ್ತೀನಿ."

"ಯಾಕೆ?"

"ಮಣ್ಣಿದೆ. ಅದು..."

"ಅವನು ಕೊನೇಗೆ ಆಸೆಪಟ್ಟು ಹಾಕಿಸಿಕೊಂಡಿದ್ದು ಅದೊಂದೇ. ಅದನ್ನೂ ಕಿತ್ಕೊಂಡು ಕಳಿಸ್ತೀಯಾ ಅವನನ್ನ?"

"ನಾನು ಹೇಳೋದು ಕೇಳು..."

ಬಾಗಿಲು ಹಾಕಿದೆ. ಮೂರು ತಿಂಗಳು ಅತ್ತು ಬರಿದಾಗಿದ್ದ ನನಗೆ ಯಾರನ್ನಾದರೂ ಬೈಯಬೇಕಾಗಿತ್ತು, ಅವನು ಸಿಕ್ಕಿದ. ಅವನು ಹೊರಗಿಂದಲೇ ಕೂಗಿದ: "ಹಾಗಾದರೆ ಏಳು ಗಂಟೆಗೇ ಹೊರಡಬೇಕು. ಮೇಲಿನ ಪದರ ಹೆಪ್ಪುಗಟ್ಟಿರೋವಾಗ. ಏಳು ಅಂದ್ರೆ ಏಳು!"

ಮಣ್ಣಿನ ತಿಂಗಳಲ್ಲಿ ನಾವೆಲ್ಲ ಹಾಗೇ ಓಡಾಡುವುದು, ಬಿಸಿಲು ಬೀಳುವ ಮುಂಚೆ. ಸರಿ ಎಂದು ಎಲ್ಲರಿಗೂ ಏಳಕ್ಕೇ ಹೇಳಿದೆ. ಶನಿವಾರ ಬೆಳಿಗ್ಗೆ ಎಲ್ಲರೂ ಚರ್ಚಿನ ಮುಂದೆ ಬಂದರು. ಹಿಂದಿನ ದಿನವೇ ಊರಿಗೆ ತಂದಿದ್ದ ಪೆಟ್ಟಿಗೆಯನ್ನು ಡೆಲ್‌ನ ಗಾಡಿಗೆ ಹೇರಿದರು. ಆಗ ಫೋನು ಬಂತು. ಡೆಲ್‌ನ ಅಕ್ಕ ವಿಲ್ಮಾ ದೂರದ ಬಿಲ್ಲಿಂಗ್ಸ್ ನಗರದಿಂದ ಹೊರಟಿದ್ದಾಳೆ, ದಾರಿಯಲ್ಲಿದ್ದಾಳೆ, ಕಾಯಬೇಕು.

ಆರ್ಲಿನ್ ನನ್ನ ಮುಖ ನೋಡಿದ. "ಕಾಯಬೇಡ ಬರ್ನಿ."

"ಇರೋಳು ಒಬ್ಬಳೇ ಅಕ್ಕ," ಅಂದೆ.

ಅವನು ಆಕಾಶ ನೋಡಿದ. ವಿಲ್ಮಾ ಮಡಿಲಲ್ಲಿ ಊಟಕ್ಕೆ ಮಾಡಿದ ಆಲೂಗಡ್ಡೆಯ ತಟ್ಟೆ ಇಟ್ಟುಕೊಂಡು ಬಂದು ಇಳಿದಾಗ ಒಂಬತ್ತೂವರೆ. ಚರ್ಚಿನ ಸೂರಿನಿಂದ ನೀರು ತೊಟ್ಟಿಕ್ಕುತ್ತಿತ್ತು.

ಗಾಡಿ ನಾನೇ ಓಡಿಸಿದೆ. ಪಕ್ಕದಲ್ಲಿ ವಿಲ್ಮಾ. ಹಿಂದೆ ಪೆಟ್ಟಿಗೆ, ಅದರ ಸುತ್ತ ಹೊರುವವರು ಆರು ಜನ. ಪಾದ್ರಿಗಳು ಆರ್ಲಿನ್‌ನ ಹಳೇ ಪಿಕಪ್ಪಿನಲ್ಲಿ ನಮ್ಮ ಹಿಂದೆ. ಡೆಲ್‌ನ ಗಾಡಿಯ ಬಾಲ ಭಾರಕ್ಕೆ ಕುಸಿದು ಮೂತಿ ಮೋಡ ನೋಡುತ್ತಿತ್ತು. ನನಗೆ ದಾರಿಗಿಂತ ಆಕಾಶವೇ ಜಾಸ್ತಿ ಕಾಣುತ್ತಿತ್ತು. ಮೊದಲ ಮೈಲಿ ಸಲೀಸಾಗಿ ಹೋಯಿತು. ಏರು ಶುರುವಾದ ಮೇಲೆ ಕೆಳಗಿನಿಂದ ಸದ್ದು ಬಂತು, ಯಾರೋ ಒದ್ದೆ ಚರ್ಮ ಉಜ್ಜಿದ ಹಾಗೆ. ಆಮೇಲೆ ಸುಟ್ಟ ರಬ್ಬರಿನ ವಾಸನೆ. ಸ್ಟೇರಿಂಗ್ ತಿರುಗಿಸಿದರೆ ತಿರುಗಲಿಲ್ಲ. ಇಂಜಿನ್ನು ಮೊರೆಯುತ್ತಿತ್ತು, ಮುಂದಿನ ಚಕ್ರ ಉರುಳುವುದನ್ನು ಬಿಟ್ಟು ಜಾರುಬಂಡಿಯ ಹಾಗೆ ಜಾರಿತು. ನಿಲ್ಲಿಸಿದೆ. ಕೀಲಿ ತಿರುಗಿಸಿ ಇಂಜಿನ್ನು ಆರಿಸಿದೆ.

ಗುಡ್ಡದ ತುದಿ ಅಲ್ಲಿಂದ ಕಾಣುತ್ತಿತ್ತು. ಅರ್ಧ ಮೈಲಿ.

ನಮ್ಮ ನೆರೆಯ ರೂಬೆನ್ ಕೆಳಗಿಳಿದು ಚಕ್ರ ನೋಡಿದ. "ಹೋಯ್ತು. ಗಾರೆ ಮೆತ್ತಿದ ಹಾಗಿದೆ. ಪೆಟ್ಟಿಗೇನ ಆರ್ಲಿನ್ ಗಾಡಿಗೆ ಹಾಕಿಬಿಡೋಣ. ಡೆಲ್‌ಗೇನು ಗೊತ್ತಾಗತ್ತೆ?"

ನಾನು ಗುಡ್ಡದ ಕಡೆ ನೋಡಿದೆ. ಕೊಟ್ಟ ಮಾತು ಅರ್ಧ ಮೈಲಿ ಉಳಿದಿತ್ತು.

"ನನಗೆ ಗೊತ್ತಾಗತ್ತೆ," ಅಂತ ಹಿಂದಿನಿಂದ ಆರ್ಲಿನ್ ಅಂದ. "ಅವನು ಅವನ ಗಾಡೀಲೇ ಹೋಗ್ತಾನೆ."

ತನ್ನ ಪಿಕಪ್ಪಿನ ಹಿಂದಿದ್ದ ತಾಡಪಾಲು ಎಳೆದ. ಕೆಳಗೆ ನಾಲ್ಕು ಚಕ್ರ, ಒಂದು ಜಾಕ್, ಎರಡು ಹಲಗೆ. ಡೆಲ್‌ನ ಹಳೇ ಚಕ್ರಗಳೇ. ಒಂದರ ಅಂಚಿನಲ್ಲಿ ಗೇಟಿಗೆ ಬಡಿದು ತಗ್ಗಾದ ಗುರುತು ಇತ್ತು, ನಾನೇ ಬಡಿಸಿದ್ದು.

"ಅಯ್ಯೋ ದೇವರೇ, ಇವನು ಸಾವಿಗೆ ಟೈರು ಹೊತ್ಕೊಂಡು ಬಂದಿದಾನಲ್ಲೇ!" ಅಂದಳು ವಿಲ್ಮಾ.

ಆರ್ಲಿನ್ ಹತ್ತಿರ ಇದ್ದದ್ದು ಒಂದೇ ಒಂದು ಸೂಟು. ಅದರಲ್ಲೇ ಮಣ್ಣಿನಲ್ಲಿ ಮಲಗಿದ. ಸಪೂರ ಕಬ್ಬಿಣದ ಪಟ್ಟಿಯಿಂದ, ಆಮೇಲೆ ಬರಿಗೈಯಿಂದ ಮಣ್ಣು ಕಿತ್ತ. ರೂಬೆನ್ ಪಾನಾ ಹಿಡಿಯಲು ಬಂದರೆ ಕೊಡಲಿಲ್ಲ. "ಕಟ್ಟಿದವನು ನಾನು, ಬಿಚ್ಚೋನೂ ನಾನೇ. ನೀವು ಮೇಲೆ ಹೋಗಿ ಪೆಟ್ಟಿಗೆ ಹಿಡೀರಿ. ಒಂದು ಮೂಲೆ ಎತ್ತಿದಾಗ ಅವನು ಜಾರಬಾರದು."

ಜಾಕ್ ಹೂತುಹೋಗದ ಹಾಗೆ ಅಡಿಗೆ ಹಲಗೆ ಇಟ್ಟ. ಒಂದೊಂದು ಮೂಲೆ ಎತ್ತಿದಾಗಲೂ ಮೇಲಿದ್ದ ಆರು ಜನ ಆ ಕಡೆಗೆ ಭುಜ ಕೊಟ್ಟು ಪೆಟ್ಟಿಗೆಯನ್ನು ಸಮ ಹಿಡಿದರು. ಬಿಚ್ಚಿದ ನಟ್ಟು ಮಣ್ಣಿಗೆ ಬಿದ್ದರೆ ಹುಡುಕುವುದು ಯಾರು? ಪಾದ್ರಿಗಳು ತಮ್ಮ ಟೋಪಿ ಅಂಗಾತ ಹಿಡಿದು "ಇದರಲ್ಲಿ ಹಾಕಪ್ಪ" ಅಂದರು. ಒಂದೊಂದು ನಟ್ಟು ಬಿದ್ದಾಗಲೂ ಅವರ ಬಾಯಿ ಎಣಿಸುತ್ತಿತ್ತು. ಅದು ಪ್ರಾರ್ಥನೆಯ ಹಾಗೇ ಕೇಳಿಸುತ್ತಿತ್ತು.

ನಾಲ್ಕನೇ ಚಕ್ರದ ಹೊತ್ತಿಗೆ ನಾನು ಅವನ ಪಕ್ಕ ಕುಕ್ಕರಗಾಲಲ್ಲಿ ಕೂತೆ.

"ಹೀಗಾಗತ್ತೆ ಅಂತ ಗೊತ್ತಿತ್ತಾ ನಿನಗೆ?"

ಅವನು ಪಾನಾ ನಿಲ್ಲಿಸಲಿಲ್ಲ. "ಎಲ್ಲರಿಗೂ ಎರಡು ಪ್ರಶ್ನೆ ಕೇಳ್ತೀನಿ. ಅವತ್ತು ಒಂದನ್ನ ನುಂಗಿಬಿಟ್ಟೆ. ಇವನು ವಸಂತ ನೋಡಲ್ಲ, ಮಣ್ಣಿಗೆ ಇಳಿಯಲ್ಲ, ಆಸೆ ತೀರಲಿ ಬಿಡು ಅಂದ್ಕೊಂಡೆ. ಸ್ನೇಹಿತನ ಸಾವನ್ನ ಅಳತೆ ಹಿಡಿದು ಟೈರು ಹಾಕಿದೆ, ಬರ್ನಿ. ಇವನಿಲ್ಲದಿದ್ದರೂ ಇವನ ಗಾಡಿ ವಸಂತ ನೋಡತ್ತೆ ಅನ್ನೋದು ಹೊಳೀಲಿಲ್ಲ. ಇದೊಂದು ಸಲ ಅವನನ್ನೇ ಹೊರಬೇಕಾಗತ್ತೆ ಅನ್ನೋದು ಹೊಳೀಲಿಲ್ಲ."

"ಹೋದ ವಾರ ಹೇಳಬೇಕಿತ್ತು."

"ಹೇಳೋಕೆ ಬಿಟ್ಯಾ?"

ಬಿಟ್ಟಿರಲಿಲ್ಲ. ಏಳು ಗಂಟೆಯನ್ನು ಒಂಬತ್ತೂವರೆ ಮಾಡಿದವಳೂ ನಾನೇ. ಅದನ್ನು ಹೇಳಲು ಹೊರಟೆ. ಅವನು ಎದ್ದು, ಟೈರಿಗೂ ಮಡ್ಗಾರ್ಡಿಗೂ ನಡುವೆ ಕೆಸರು ಮೆತ್ತಿದ ನಾಲ್ಕು ಬೆರಳು ತೂರಿಸಿದ. ಅವು ಹೋದವು. ಇನ್ನೂ ಜಾಗ ಉಳಿಯಿತು.

"ಗಾಡಿ ಹತ್ತು," ಅಂದ ನನಗೆ. "ಎಲ್ಲೂ ನಿಲ್ಲಿಸಬೇಡ."

ನಿಲ್ಲಿಸಲಿಲ್ಲ. ಮಣ್ಣು ಬಂತು, ತುಂಬಿತು, ಉದುರಿತು, ಮತ್ತೆ ಬಂತು. ಚಕ್ರ ತಿರುಗುತ್ತಲೇ ಇತ್ತು. ಹನ್ನೊಂದು ದಾಟಿದ ಮೇಲೆ ಡೆಲ್ ತನ್ನ ಗಾಡಿಯಲ್ಲಿ ಗುಡ್ಡದ ತುದಿ ಸೇರಿದ. ಪಾದ್ರಿಗಳು ಬರಿತಲೆಯಲ್ಲಿ ಪ್ರಾರ್ಥನೆ ಮುಗಿಸಿದರು. ಟೋಪಿ ಇನ್ನು ಹಾಕಿಕೊಳ್ಳುವ ಹಾಗಿರಲಿಲ್ಲ.

ಆಮೇಲೆ ಚರ್ಚಿನ ನೆಲಮಾಳಿಗೆಯಲ್ಲಿ ಊಟ. ಆರ್ಲಿನ್ ಒಳಗೆ ಬರಲಿಲ್ಲ. ಹೆಂಗಸರು ಒರೆಸಿದ ನೆಲಕ್ಕೆ ಕೆಸರಾಗುತ್ತದೆ ಅಂದ. ನಾನು ಹ್ಯಾಮ್ ಬನ್ನು, ವಿಲ್ಮಾಳ ಆಲೂಗಡ್ಡೆ, ಕಾಫಿ ತೆಗೆದುಕೊಂಡು ಅವನ ಪಿಕಪ್ಪಿಗೇ ಹೋದೆ. ಇಬ್ಬರೂ ಕೂತು ತಿಂದೆವು. ತಟ್ಟೆ ಕೆಳಗಿಟ್ಟು ಅವನು ಹೇಳಿದ:

"ಒಂದೇ ಬೇಜಾರು. ಅವನ ಟೈರು ಮೇಲೆ ಹತ್ತಲಿಲ್ಲ."

ಮಾರನೇ ದಿನ ಆ ನಾಲ್ಕು ದೊಡ್ಡ ಟೈರುಗಳನ್ನು ತೊಳೆದು ತಂದು ನಮ್ಮ ಕೊಟ್ಟಿಗೆಯಲ್ಲಿ ಬಿಸಿಲು ಬೀಳದ ಕಡೆ ಜೋಡಿಸಿಟ್ಟ. ನಾನು ಮಾರಲಿಲ್ಲ. ಅದಾದ ಮೇಲೆ ಹನ್ನೊಂದು ವರ್ಷ, ಮಾರ್ಚ್ ಬಂದರೆ ಹೇಳದೆ ಕೇಳದೆ ಬಂದು ಡೆಲ್‌ನ ಗಾಡಿಯ ನಾಲ್ಕು ಚಕ್ರಕ್ಕೂ ಬೆರಳು ತೂರಿಸಿ ನೋಡಿ, ಕಾಫಿ ಕುಡಿದು ಹೋಗುತ್ತಿದ್ದ. ಶೆಡ್ಡಿನಲ್ಲಿ ಎರಡನೇ ಪ್ರಶ್ನೆಯನ್ನು ಈಗ ಮೊದಲು ಕೇಳುತ್ತಿದ್ದ. ಎಂಬತ್ತು ದಾಟಿದ ಮುದುಕನೊಬ್ಬ "ನನಗ್ಯಾವ ವಸಂತ ಬಿಡೋ" ಎಂದು ನಕ್ಕರೆ, "ನಿನಗಲ್ಲ, ಗಾಡಿಗೆ" ಅನ್ನುತ್ತಿದ್ದ. ನಗುತ್ತಿರಲಿಲ್ಲ.

ಕಳೆದ ವರ್ಷ ಅಕ್ಟೋಬರಿನಲ್ಲಿ ಆರ್ಲಿನ್ ತೀರಿಕೊಂಡ. ಬೆಳಗಿನ ಕಾಫಿ ಅವನ ಕೈ ಪಕ್ಕದಲ್ಲೇ ಇತ್ತು. ಊರಿನ ಗಾಡಿಗಳನ್ನೆಲ್ಲ ಎಬ್ಬಿಸಿದವನ ಸ್ವಂತ ಪಿಕಪ್ಪು ಎರಡು ವರ್ಷದಿಂದ ಎದ್ದಿರಲಿಲ್ಲ. ಡೆಲ್‌ನ ಗಾಡಿಯಲ್ಲಿ ಒಯ್ಯುತ್ತೇನೆ ಎಂದು ನಾನೇ ಪಾದ್ರಿಗಳಿಗೆ ಹೇಳಿದೆ.

ಈಗ ಆ ಶೆಡ್ಡು ನಡೆಸುವವನು ಟ್ರೆಂಟ್ ಅಂತ, ಆರ್ಲಿನ್ ಕೈಯಲ್ಲಿ ಕೆಲಸ ಕಲಿತವನು, ಮೊಮ್ಮಕ್ಕಳನ್ನು ಕಂಡವನು. ಕೊಟ್ಟಿಗೆಯಿಂದ ಆ ಟೈರುಗಳನ್ನು ಅವನಲ್ಲಿಗೆ ಒಯ್ದೆ.

"ಇವನ್ನು ಹಾಕು."

ಅವನು ಉಗುರಿನಿಂದ ರಬ್ಬರು ಕೆರೆದ. "ಬಿರುಕು ಬಿಟ್ಟಿದೆಯಲ್ಲಮ್ಮಾ."

"ಎರಡು ಮೈಲಿ ಹೋದರೆ ಸಾಕು. ಬಂದ ಮೇಲೆ ಬಿಚ್ಚಿಬಿಡು."

ಹಾಕಿದ. ಅಳತೆ ಪಟ್ಟಿ ಹಿಡಿದು, ಸ್ಟೇರಿಂಗ್ ತಿರುಗಿಸಿ, ಎಲ್ಲೂ ತಾಗುವುದಿಲ್ಲ ಅಂದ. ನಾನು ಬಗ್ಗಿ ಮಡ್ಗಾರ್ಡಿನ ಒಳಗೆ ಕೈ ಹಾಕಿ ನೋಡಿದೆ. ನನ್ನ ಬೆರಳು ಆರ್ಲಿನ್‌ನ ಬೆರಳಿಗಿಂತ ಸಣ್ಣ, ಆದರೂ ಎರಡೇ ಹೋದವು.

ಶೆಡ್ಡಿನ ಹೊರಗೆ ಬಂದು ಆಕಾಶ ನೋಡಿದೆ. ಮೂರು ವಾರದಿಂದ ಮಳೆಯಿಲ್ಲ. ಗುಡ್ಡದ ದಾರಿ ಸ್ಲೇಟಿನ ಹಾಗೆ ಒಣಗಿ ಬೆಳ್ಳಗೆ ಬಿದ್ದಿತ್ತು. ಪಶ್ಚಿಮಕ್ಕೆ ಒಂದು ಚೂರು ಮೋಡವೂ ಇರಲಿಲ್ಲ.

"ಸರಿ," ಅಂದೆ ಟ್ರೆಂಟ್‌ಗೆ. "ನಟ್ಟು ಬಿಗಿ ಮಾಡಪ್ಪ."

ಬೆಳಿಗ್ಗೆ ಹತ್ತಕ್ಕೆ ಹೊರಟೆವು. ಆತುರವಿರಲಿಲ್ಲ. ಆ ದೊಡ್ಡ ಟೈರುಗಳು ಧೂಳೆಬ್ಬಿಸಿಕೊಂಡು ಎಲ್ಲೂ ನಿಲ್ಲದೆ ಮೇಲಿನ ತನಕ ಹೋದವು, ಹಿಂದೆ ಆರ್ಲಿನ್.